ಪೂಜೆಯ ಹೂವು, ಪಾಕದ ಹೂವು

ಮಠದ ಹೂದೋಟದಲ್ಲಿ ಕಣಗಿಲೆ, ಎಕ್ಕೆ, ಉಮ್ಮತ್ತಿಗಳಿಗೆ ಸ್ಥಾನವಿರುವುದು ಸಹಜ. ಶಿವಪೂಜೆಗೆ ಈ ಹೂವುಗಳನ್ನು ಬಿಡಿಸಿ ತರುವ ರೂಢಿ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಈ ಮೂರೂ ವಿಷಸಸ್ಯಗಳು. ಕಣಗಿಲೆಯ ಹೂ, ಎಲೆ, ತೊಗಟೆ, ಬೀಜಗಳೆಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಒಣಗಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಉಮ್ಮತ್ತಿಯು ಬುದ್ಧಿಭ್ರಮೆಯನ್ನು ಉಂಟುಮಾಡುವುದಲ್ಲದೆ ಪ್ರಾಣಾಪಾಯವನ್ನೂ ತರಬಲ್ಲುದು. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೂ ಕೇಡು, ಹೊಟ್ಟೆಗೆ ಹೋದರೂ ಕೇಡು. ಪೂಜೆಗೆ ಸಲ್ಲುವ ಹೂವೆಲ್ಲ ಊಟಕ್ಕೆ ಸಲ್ಲದು; ಹೂವಿನ ಅಡುಗೆಯನ್ನು ಕುರಿತು ಮಕ್ಕಳಿಗೆ ಬೋಧಿಸುವ ಅಧ್ಯಾಪಕರು ಮೊದಲು ಹೇಳಬೇಕಾದ ಮಾತು ಇದೇ.

ಎರಡನೆಯ ಮಾತು ಸಂತೆಯ ಹೂವಿಗೆ ಸಂಬಂಧಿಸಿದ್ದು. ಮಾಲೆಗೆಂದು ಬೆಳೆದ ಸೇವಂತಿಗೆ, ಗುಲಾಬಿಗಳಿಗೆ ಕೀಟನಾಶಕವನ್ನು ಸಿಂಪಡಿಸುವಾಗ ಅವುಗಳನ್ನು ಯಾರಾದರೂ ತಿಂದಾರೆಂಬ ಎಣಿಕೆ ಬೆಳೆಗಾರನಿಗೆ ಇರುವುದಿಲ್ಲ. ಆದಕಾರಣ ಪಾಕಕ್ಕೆ ಬಳಸುವ ಹೂವನ್ನು ಬೀಜದಿಂದ ತಾವೇ ಬೆಳೆದುಕೊಳ್ಳುವುದು ಲೇಸು. ಬಿತ್ತಿದವನಿಗೆ ಗಿಡದ ಕುಲವೂ ಗೊತ್ತು, ಅದಕ್ಕೆ ಏನು ಸಿಂಪಡಿಸಲಾಗಿದೆ ಎಂಬುದೂ ಗೊತ್ತು.

ಶಾಲೆಯ ತೋಟದಲ್ಲಿ ಮೊದಲು ಬಿತ್ತಲು ಯೋಗ್ಯವಾದದ್ದು ಸಿಹಿಗುಂಬಳ. ಮೂಲತಃ ಅಮೆರಿಕ ಖಂಡದ ಈ ಬಳ್ಳಿಯು ಪೋರ್ಚುಗೀಸರ ಕಾಲದ ನಂತರ ಈ ನೆಲಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ಅದನ್ನು ಪರದೇಶದ್ದೆಂದು ಇಂದು ಯಾರೂ ಎಣಿಸುವುದಿಲ್ಲ. ಕೊಟ್ಟಿಗೆ ಗೊಬ್ಬರ ತುಂಬಿದ ಗುಣಿಯಲ್ಲಿ ಒಂದು ಅಂಗುಲದ ಆಳಕ್ಕೆ ೨-೩ ಬೀಜಗಳನ್ನು ಊರಿದರೆ ವಾರದೊಳಗಾಗಿ ಮೊಳಕೆ ಕಾಣುತ್ತದೆ. ಆರೇಳು ವಾರಗಳಲ್ಲಿ ಹೂ ಬಿಡಲಾರಂಭಿಸುತ್ತದೆ. ಮೊದಲು ಬರುವವು ಗಂಡು ಹೂಗಳು. ಇವುಗಳ ತೊಟ್ಟು ಸಪೂರ, ಉದ್ದ. ಕೆಲವು ದಿನಗಳ ತರುವಾಯ ಬರುವ ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂತಹ ಅಂಡಾಶಯವು ಉಬ್ಬಿಕೊಂಡಿರುತ್ತದೆ. ಕೊಯ್ಯಬೇಕಾದದ್ದು ಗಂಡು ಹೂವನ್ನು ಮಾತ್ರ. ಹೆಣ್ಣು ಹೂವನ್ನು ಕಿತ್ತರೆ ಒಂದು ಕುಂಬಳಕಾಯಿಯನ್ನೇ ಕಿತ್ತಂತೆ. ಹಾಗೆಂದು ಗಂಡು ಹೂಗಳನ್ನೆಲ್ಲ ಬೋಳಿಸಿದರೆ ಜೇನ್ನೊಣಗಳಿಗೆ ಪರಾಗವಿಲ್ಲದೆ, ಹೆಣ್ಣು ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ.

ಬೆಳಗಿನಲ್ಲಿ ಅರಳಿದ ಹೂ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಮರುದಿನ ಅದು ಅರಳುವುದಿಲ್ಲ. ಅಡುಗೆಯವರು ಬೆಳಗಿನಲ್ಲಿಯೇ ಹೂ ತಂದು, ಒಳಗೆ ಇರುವೆ ಹುಳುಗಳಿಲ್ಲವೆಂದು ನೋಡಿ, ನಡುವಿನ ಕೇಸರವನ್ನು ತೆಗೆದು, ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯಬಹುದು. ಹೆಚ್ಚಿ ಪಲ್ಯಕ್ಕೂ ಹಾಕಬಹುದು. ಮರುವರ್ಷಕ್ಕೆ ಅದೇ ತಳಿಯ ಬೀಜ ಬೇಕಾದರೆ ಇನ್ನೊಂದು ಕೆಲಸವಿದೆ. ನಾಳೆ ಅರಳಲಿರುವ ಒಂದು ಗಂಡು, ಒಂದು ಹೆಣ್ಣು ಮೊಗ್ಗನ್ನು ಸಂಜೆಯಲ್ಲಿಯೇ ದಾರದಿಂದ ಕಟ್ಟಿಡಬೇಕು. ಬೆಳಿಗ್ಗೆ ಬಿಚ್ಚಿ ಗಂಡಿನ ಪರಾಗವನ್ನು ಹೆಣ್ಣಿನ ನಡುವಿನ ಶಲಾಕಾಗ್ರಕ್ಕೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಬೇಕು. ಪರಾಗಸ್ಪರ್ಶದ ಪಾಠವನ್ನು ಕರಿಹಲಗೆಯ ಚಿತ್ರದಿಂದ ಕಲಿಸುವುದಕ್ಕಿಂತ ಇದು ಎಷ್ಟೋ ಮೇಲು.

ನುಗ್ಗೆಯಲ್ಲಿ ಇಂತಹ ಲೆಕ್ಕಾಚಾರ ಬೇಕಿಲ್ಲ. ಮರ ಬಿಡುವ ಅಸಂಖ್ಯ ಹೂಗಳಲ್ಲಿ ಕಾಯಾಗುವವು ಕೆಲವೇ. ಉಳಿದವು ತಾವಾಗಿ ಉದುರುತ್ತವೆ. ರಾತ್ರಿ ಮರದ ಕೆಳಗೆ ಶುಭ್ರವಾದ ಬಟ್ಟೆ ಹಾಸಿ ಬೆಳಿಗ್ಗೆ ಹೂ ಆಯ್ದುಕೊಂಡರೆ ಕಾಯಿಗೆ ನಷ್ಟವಿಲ್ಲ. ತಮಿಳುನಾಡಿನ ಪೆರಿಯಕುಳದಿಂದ ಬಂದ ಪಿ.ಕೆ.ಎಂ.-೧ ತಳಿಯನ್ನು ಬೀಜದಿಂದ ಬೆಳೆದರೆ ವರ್ಷದೊಳಗೇ ಹೂ ದೊರೆಯುತ್ತದೆ.

ಚೊಗಚೆಯನ್ನು ಎಲೆಬಳ್ಳಿಯ ತೋಟಗಳವರು ಬಲ್ಲರು. ಬಳ್ಳಿ ಹಬ್ಬಿಸಲು ಬೀಜ ಬಿತ್ತಿ ಬೆಳೆಸುವ ಮರವದು. ಕೆಲವೆಡೆ ಇದನ್ನು ಅಗಸೆ ಎನ್ನುವರು. ಧಾರವಾಡದ ಕಡೆ ಅಗಸಿ ಎಂದರೆ ಚಟ್ನಿಪುಡಿಯ ಎಣ್ಣೆಕಾಳು. ಅದಕ್ಕೂ ಇದಕ್ಕೂ ನಂಟಿಲ್ಲ. ಇದರ ದೊಡ್ಡ ಬಿಳಿಯ ಹೂಗಳ ಒಳಗಿನ ಕೇಸರವನ್ನು ತೆಗೆದರೆ ಕಹಿ ಕಡಿಮೆಯಾಗುತ್ತದೆ. ಒಗ್ಗರಣೆಗೆ ಹಾಕಿ ಬಾಡಿಸಿ, ಕಡಲೆಹಿಟ್ಟು ಉದುರಿಸಿದರೆ ರೊಟ್ಟಿಗೆ ಒಳ್ಳೆಯ ಪಲ್ಯ.

ಕೆಂಪು ಪುಂಡಿಯಲ್ಲಿ ತಿನ್ನುವುದು ಹೂವಿನ ದಳವನ್ನಲ್ಲ, ಪುಷ್ಪಪಾತ್ರೆಯನ್ನು. ಮುಂಗಾರಿನಲ್ಲಿ ಬಿತ್ತಿದ ಗಿಡವು ಹಗಲು ಕಿರಿದಾಗುವವರೆಗೆ ಕಾದು ಆನಂತರ ಹೂ ಬಿಡುತ್ತದೆ. ಅವಸರಿಸಿ ಬೇಸಿಗೆಯಲ್ಲಿಯೇ ಬಿತ್ತಿದರೆ ಗಿಡ ಎತ್ತರವಾದೀತೇ ಹೊರತು ಹೂ ಬೇಗ ಬಾರದು. ದಳ ಉದುರಿದ ಮೇಲೆ ರಸ ತುಂಬಿ ದಪ್ಪಗಾಗುವ ಆ ಕೆಂಪು ಬಟ್ಟಲುಗಳು ಚಟ್ನಿಗೂ ಶರಬತ್ತಿಗೂ ಒದಗುತ್ತವೆ. ಒಣಗಿಸಿಟ್ಟರೆ ತಿಂಗಳುಗಟ್ಟಲೆ ಬಾಳುತ್ತವೆ.

ಯಾವ ಹೂವನ್ನೇ ಆಗಲಿ, ಮೊದಲ ಸಲ ಬಡಿಸುವಾಗ ಸ್ವಲ್ಪವೇ ಬಡಿಸಬೇಕು. ಪರಾಗದಿಂದ ಉಬ್ಬಸ ಬರುವ ಮಕ್ಕಳಿಗೆ ಬಡಿಸದಿರುವುದೇ ಒಳಿತು.

ಎರಿಭೂಮಿಯ ಕುಸುಬೆಯೂ ಈ ಗುಂಪಿಗೆ ಸೇರಬೇಕಾದದ್ದು. ಅದರ ದಳಗಳು ಸಿಹಿಯಡುಗೆಗೆ ಕೇಸರಿಯ ಬಣ್ಣ ಕೊಡುತ್ತವೆ, ಕೇಸರಿಯ ಪರಿಮಳ ಕೊಡುವುದಿಲ್ಲ. ಕೇಸರಿಗೆ ಇದನ್ನು ಬೆರೆಸಿ ಮಾರುವ ವ್ಯಾಪಾರಿಗಳ ಮೋಸ ಹಳೆಯದು. ಹಳದಿಯ ದಳವು ಬಾಡಿ ಕೆಂಪಿಗೆ ತಿರುಗಿದ ಮೇಲೆ ಅದನ್ನು ಬಿಡಿಸಿಕೊಂಡರೆ ಕಾಳಿಗೆ ಕುಂದಿಲ್ಲ. ಗಿಡ ಮುಳ್ಳಿನದಾದ್ದರಿಂದ ಕೈಗೆ ಚೀಲ ಸುತ್ತಿಕೊಳ್ಳಬೇಕು.