ನೆರಳಿಲ್ಲದ ಮಧ್ಯಾಹ್ನದಲ್ಲಿ ಎರಡು ವರ್ಷದ ಕೂಸು

ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ 12 ಗಂಟೆ ದಾಟಿ ಕಾಲು ಗಂಟೆಗೆ, ಜಯನಗರದ ನಿಮ್ಮ ಮನೆಯ ತಾರಸಿ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು ಕಾಣುವುದಿಲ್ಲ. ಸೂರ್ಯ ಬೆಂಗಳೂರಿನ ನೆತ್ತಿಗೆ ಬಂದಿರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಇದಕ್ಕೇ ಹೇಳುವುದು. ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಬಿಡದಿ ಹತ್ತಿರದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೊರಡುವುದೂ ಈ ದಿನಗಳಲ್ಲೇ. ದೊಡ್ಡ ಮಕ್ಕಳ ಜೊತೆ ಎರಡು ವರ್ಷದ ಕೂಸೂ ಹೊರಡುತ್ತದೆ. ಮೊದಲ ಸಲ ಹಾಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ನಾಲ್ಕು ಮಾತು.

‘ನಮ್ಮೂರಲ್ಲಿ ಏನು ಮಹಾ ಬಿಸಿಲು’ ಎನ್ನುವ ಧೈರ್ಯವನ್ನು ಮನೆಯಲ್ಲೇ ಬಿಡಿ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ.

ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ನಮಗಿಂತ ಹೆಚ್ಚು. ಬಿಸಿಲಿನ ಕಾವು ಬೇಗ ಏರುತ್ತದೆ, ಬೆವರಿ ಅದನ್ನು ಇಳಿಸಿಕೊಳ್ಳುವ ಶಕ್ತಿಯೋ ಕಡಿಮೆ. ಬಾಯಾರಿದರೂ ಅದಾಗಿಯೇ ನೀರು ಕೇಳುತ್ತದೆ ಎನ್ನುವಂತಿಲ್ಲ. ಹಾಗೆಂದು ‘ನೀರು ಬೇಕಾ ಕಂದ?’ ಎಂದು ಕೇಳಲೂಬೇಡಿ. ಆ ವಯಸ್ಸಿನಲ್ಲಿ ಎಲ್ಲದಕ್ಕೂ ಉತ್ತರ ‘ಬೇಡ’! ಕಾಲು ಗಂಟೆಗೊಮ್ಮೆ ನೀವಾಗಿಯೇ ಎರಡು ಗುಟುಕು ಕುಡಿಸುತ್ತಿರಿ. ನೀರು, ತೆಳು ಮಜ್ಜಿಗೆ, ಎಳನೀರು ಸಾಕು. ಓಆರ್‌ಎಸ್ ಬೇಕಾದರೆ ಔಷಧಿ ಅಂಗಡಿಯ ಪುಡಿಯ ಪೊಟ್ಟಣ ಕೊಂಡು, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಸಕ್ಕರೆ ತುಂಬಿದ ಡಬ್ಬಿ ಪಾನೀಯಗಳು ಆ ಹೆಸರಿನಲ್ಲೇ ಬಹಳ ಕಾಲ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ತಡೆ ಹಾಕಬೇಕಾಯಿತು. ಕೂಸಿನ ಊಟ, ಹಾಲು ಒಳಗೆ ಒಯ್ಯುವ ವಿಷಯ ಹೊರಡುವ ಮುಂಚೆಯೇ ಪಾರ್ಕಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ: ಅಜ್ಜನ ಹಳೆಯ ಹತ್ತಿ ಪಂಚೆ. ಅದನ್ನು ಕಾಲು ಭಾಗ ಹರಿದು, ನೀರಲ್ಲಿ ಅದ್ದಿ, ಹಿಂಡಿ, ಕೂಸಿನ ಕತ್ತಿನ ಹಿಂದೆ, ಕಂಕುಳಲ್ಲಿ, ತೊಡೆಗಳ ಮೇಲೆ ಒತ್ತಿ. ಆಮೇಲೆ ಬೀಸಣಿಗೆಯಲ್ಲಿ ಗಾಳಿ ಹಾಕಿ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಗಾಳಿ ಒಣಗಿರುತ್ತದೆ, ನೀರು ಬೇಗ ಆರುತ್ತದೆ, ಆರುತ್ತಾ ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದ ಸೆಖೆಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯದು. ಆದರೆ ಅದೇ ಬಟ್ಟೆಯನ್ನು ಬಿಸಿಲು ಮರೆಗೆಂದು ತಳ್ಳುಗಾಡಿಯ ಮೇಲೆ ಇಳಿಬಿಡಬೇಡಿ. ಗಾಳಿಯಾಡದೆ ಒಳಗೆ ಇಡ್ಲಿ ಪಾತ್ರೆಯಂತಾಗುತ್ತದೆ. ನಾನೂ ಒಮ್ಮೆ ಹಾಗೆ ಮುಚ್ಚಿ, ‘ಆಹಾ, ಮಲಗಿದೆ’ ಎಂದು ನೆಮ್ಮದಿಯಾಗಿದ್ದೆ. ಸರಿಸಿ ನೋಡಿದರೆ ಮುಖ ಕೆಂಡವಾಗಿತ್ತು.

ನೀರಿನಾಟ ಹಿತವೇ, ಆದರೆ ನಡುಮಧ್ಯಾಹ್ನದಲ್ಲಲ್ಲ. ಮೈ ಒದ್ದೆಯಿದ್ದರೂ ನೆತ್ತಿ ಸುಡುತ್ತದೆ, ಕೊಳದ ಅಂಚಿನ ಕಾಂಕ್ರೀಟು ಅಂಗಾಲು ಸುಡುತ್ತದೆ. 12ರಿಂದ 3ರವರೆಗೆ ಸೂರಿನಡಿ ಊಟ, ನಿದ್ದೆ. ದೊಡ್ಡ ರೈಡ್‌ಗಳಿಗೆ ಎತ್ತರದ ಅಳತೆ ಇರುವುದರಿಂದ ಕೂಸಿಗೆ ಅಲ್ಲಿ ಹೇಗೂ ಪ್ರವೇಶವಿಲ್ಲ. ಒಬ್ಬರು ಸರದಿಯಲ್ಲಿ ನಿಂತರೆ ಇನ್ನೊಬ್ಬರು ಕೂಸಿನೊಂದಿಗೆ ನೆರಳಲ್ಲಿ ಕೂರಲಿ. ಕೂಸನ್ನೂ ಸಾಲಿನಲ್ಲಿ ನಿಲ್ಲಿಸುವುದು ಶುದ್ಧ ಅನ್ಯಾಯ. ನೀರಿಗಿಳಿಯಲು ನೈಲಾನಿನಂಥ ಬಟ್ಟೆಯೇ ಆಗಬೇಕು, ಮೇಲೆ ಬಂದ ಕೂಡಲೇ ಹತ್ತಿ ಅಂಗಿಗೆ ಬದಲಿಸಿ.

ಡೈಪರ್ ಮೇಲೆ ಕಣ್ಣಿರಲಿ. ಐದಾರು ಗಂಟೆ ಒದ್ದೆಯಾಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಅಂದಿನ ಆಟ ಮುಗಿಯಿತು ಎಂದು ತಿಳಿದು ವೈದ್ಯರಿಗೆ ತೋರಿಸಿ. ಕರೆದರೆ ಓಗೊಡದೆ ಮಂಕಾದರೆ, ಮೈ ಕಾದು ವಾಂತಿ ಶುರುವಾದರೆ, ಬಟ್ಟೆ ಸಡಿಲಿಸಿ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ. ಮಂಕಾದ ಕೂಸಿನ ಬಾಯಿಗೆ ನೀರು ಹೊಯ್ಯಬೇಡಿ.

ಎಲ್ಲ ಮುಗಿಸಿ ಹೊರಡುವಾಗ ಬಿಸಿಲಲ್ಲಿ ನಿಂತ ಕಾರಿನ ನಾಲ್ಕೂ ಬಾಗಿಲು ಐದು ನಿಮಿಷ ತೆರೆದಿಡಿ. ಸೀಟಿನ ಲೋಹದ ಬಕಲ್ಲಿನ ಮೇಲೆ ಮೊದಲು ನಿಮ್ಮ ಅಂಗೈ ಒತ್ತಿ ನೋಡಿ, ಆಮೇಲೆ ಕೂಸನ್ನು ಕೂರಿಸಿ.