ನ್ಯಾಯವಾದಿ ನಾನಿ ಪಾಲ್ಖಿವಾಲಾ

ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ಆ ನಂಬಿಕೆ ಕದಡಿದಾಗ ಪಾಲುದಾರರ ನಡುವೆ, ಕಂಪನಿಗೂ ಷೇರುದಾರರಿಗೂ ನಡುವೆ, ವರ್ತಕರಿಗೂ ಸರ್ಕಾರಕ್ಕೂ ನಡುವೆ ವ್ಯಾಜ್ಯಗಳು ಹುಟ್ಟುತ್ತವೆ. ಇಂತಹ ವ್ಯಾಜ್ಯಗಳನ್ನು ನಡೆಸುವ ನ್ಯಾಯವಾದಿಗೆ ಕಾನೂನಿನ ಅರಿವೊಂದೇ ಸಾಲದು. ಜಮಾಖರ್ಚಿನ ಪುಸ್ತಕವನ್ನು ಓದಿ, ಅದರಲ್ಲಿ ಅಡಗಿದ ಸತ್ಯವನ್ನು ಹೊರತೆಗೆಯುವ ತಾಳ್ಮೆಯೂ ಬೇಕು. ಈ ವಿದ್ಯೆಯಲ್ಲಿ ಪಳಗಿ, ಮುಂದೆ ನಾಗರಿಕರ ಹಕ್ಕುಗಳ ರಕ್ಷಣೆಗೆ ನಿಂತವರು ನಾನಿ ಪಾಲ್ಖಿವಾಲಾ.

ಅವರು 1920ರ ಜನವರಿ 16ರಂದು ಮುಂಬಯಿಯ ಸಾಮಾನ್ಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಪೂರ್ವಿಕರು ಪಲ್ಲಕ್ಕಿ ಮಾಡುವ ಕಸುಬಿನವರಾಗಿದ್ದುದರಿಂದ ಮನೆತನಕ್ಕೆ ಆ ಹೆಸರು ಬಂದಿತ್ತು. ಬಾಲ್ಯದಲ್ಲಿ ಅವರನ್ನು ಕಾಡುತ್ತಿದ್ದುದು ತೊದಲು ಮಾತು. ಛಲದಿಂದ ಅವರು ಅದನ್ನು ಗೆದ್ದರು. ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ ಇಂಗ್ಲಿಷಿನಲ್ಲಿ ಎಂ.ಎ. ಪದವಿ ಪಡೆದ ಬಳಿಕ, ಮುಂಬಯಿ ವಿಶ್ವವಿದ್ಯಾನಿಲಯದ ಉಪನ್ಯಾಸಕ ಹುದ್ದೆಗೆ ಅರ್ಜಿ ಸಲ್ಲಿಸಿದರು, ಅದು ದೊರೆಯಲಿಲ್ಲ. ಆಗ ಅವರು ಕಾನೂನು ಕಾಲೇಜನ್ನು ಸೇರಿದರು. ಕೈತಪ್ಪಿದ ಕೆಲಸವೇ ಬಾಳಿಗೆ ಹೊಸ ದಾರಿಯನ್ನು ತೋರಿತು.

1944ರಲ್ಲಿ ಅವರು ಖ್ಯಾತ ನ್ಯಾಯವಾದಿ ಸರ್ ಜಮ್‌ಶೇಟ್‌ಜಿ ಕಾಂಗಾ ಅವರ ಬಳಿ ವೃತ್ತಿಯನ್ನು ಆರಂಭಿಸಿದರು. ಅನೇಕರಿಗೆ ಶುಷ್ಕವೆನಿಸುವ ವಾಣಿಜ್ಯ ಮತ್ತು ತೆರಿಗೆಯ ಕಾನೂನುಗಳನ್ನು ಆಳವಾಗಿ ಅಭ್ಯಾಸ ಮಾಡಿದರು. 1950ರಲ್ಲಿ ಗುರುವಿನೊಡನೆ ಸೇರಿ ಆದಾಯ ತೆರಿಗೆಯನ್ನು ಕುರಿತು ರಚಿಸಿದ ಗ್ರಂಥವು ಆ ಕ್ಷೇತ್ರದ ಆಕರವಾಯಿತು. 1958ರಿಂದ ಅವರು ವರ್ಷಂಪ್ರತಿ ಕೇಂದ್ರದ ಆಯವ್ಯಯವನ್ನು ಜನರಿಗೆ ವಿವರಿಸತೊಡಗಿದರು. ಹೋಟೆಲೊಂದರ ಸಭಾಂಗಣದಲ್ಲಿ ಮೊದಲಾದ ಆ ಉಪನ್ಯಾಸಕ್ಕೆ ಮುಂದೆ ಬ್ರೆಬೋರ್ನ್ ಕ್ರೀಡಾಂಗಣವೇ ಬೇಕಾಯಿತು. ಒಮ್ಮೆ ತೊದಲುತ್ತಿದ್ದ ನಾಲಿಗೆಯನ್ನು ಆಲಿಸಲು ಸಹಸ್ರಾರು ಜನ ನೆರೆಯುತ್ತಿದ್ದರು.

1969ರ ಜುಲೈ 19ರಂದು ಸರ್ಕಾರವು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಇದನ್ನು ಪ್ರಶ್ನಿಸಿದ ಷೇರುದಾರ ಆರ್.ಸಿ. ಕೂಪರ್ ಅವರ ಪರವಾಗಿ ಪಾಲ್ಖಿವಾಲಾ ವಾದಿಸಿದರು. ಪರಿಹಾರವನ್ನು ನಿರ್ಧರಿಸಿದ ಕ್ರಮ ಸರಿಯೇ ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆಗಳಲ್ಲೊಂದು. 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೈಕಿ 10 ಮಂದಿ ಆ ಕಾನೂನನ್ನು ಅಸಿಂಧುವೆಂದರು. ಸರ್ಕಾರವು ಪರಿಹಾರದ ಕ್ರಮವನ್ನು ಬದಲಿಸಿ, ಹೊಸ ಕಾನೂನಿನ ಮೂಲಕ ರಾಷ್ಟ್ರೀಕರಣವನ್ನು ಉಳಿಸಿಕೊಂಡಿತು.

ಅನಂತರ ಬಂದುದು ಇದಕ್ಕಿಂತ ಹಿರಿದಾದ ಮೊಕದ್ದಮೆ. ಕಾಸರಗೋಡಿನ ಬಳಿಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಯ ವಿಷಯವಾಗಿ ಕೇರಳ ಸರ್ಕಾರದ ವಿರುದ್ಧ ನ್ಯಾಯಾಲಯದ ಮೊರೆಹೊಕ್ಕಿದ್ದರು. ಭೂಮಿಯ ಪ್ರಶ್ನೆ ಬೆಳೆದು, ಸಂವಿಧಾನವನ್ನು ತಿದ್ದಲು ಸಂಸತ್ತಿಗೆ ಇರುವ ಅಧಿಕಾರಕ್ಕೆ ಮಿತಿಯುಂಟೇ ಎಂಬ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಿಚಾರಣೆ ನಡೆಯಿತು. ಸ್ವಾಮಿಗಳ ಪರ ವಾದದ ಭಾರವನ್ನು ಪಾಲ್ಖಿವಾಲಾ ಹೊತ್ತರು. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು 1973ರ ಏಪ್ರಿಲ್ 24ರಂದು 7 ಮಂದಿಯ ಬಹುಮತದ ತೀರ್ಪು ಹೊರಬಿತ್ತು.

1975ರ ಜೂನ್ ತಿಂಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯ ಮೇಲ್ಮನವಿಯಲ್ಲಿ ಅವರ ಪರ ನಿಂತವರೂ ಪಾಲ್ಖಿವಾಲಾ ಅವರೇ. ಆದರೆ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಅವರು ಆ ವಕಾಲತ್ತನ್ನು ತ್ಯಜಿಸಿದರು. ಕಕ್ಷಿಗಾರರು ಯಾರೇ ಆಗಿರಲಿ, ಅವರ ಪರ ವಾದಿಸುವುದು ವೃತ್ತಿಧರ್ಮ. ನಾಗರಿಕರ ಸ್ವಾತಂತ್ರ್ಯಕ್ಕೆ ಕುತ್ತು ಬಂದಾಗ ಅಧಿಕಾರದ ನೆರಳಿನಿಂದ ದೂರ ಸರಿಯುವುದು ಆತ್ಮಧರ್ಮ.

2002ರ ಡಿಸೆಂಬರ್ 11ರಂದು ಅವರು ನಿಧನರಾದರು. ಲೆಕ್ಕದ ಸಾಲುಗಳಲ್ಲಿ ಕಲಿತ ಎಚ್ಚರವನ್ನು ಅವರು ಸಂವಿಧಾನದ ವಿಧಿಗಳ ಓದಿಗೂ ತಂದರು. ಒಂದು ಪೈಸೆಯ ಲೆಕ್ಕ ತಪ್ಪಬಾರದೆಂಬ ವರ್ತಕನ ನಿಷ್ಠೆಯೇ, ಒಬ್ಬ ಪ್ರಜೆಯ ಹಕ್ಕೂ ತಪ್ಪಬಾರದೆಂಬ ನ್ಯಾಯನಿಷ್ಠೆಯಾಗಿ ಅವರಲ್ಲಿ ಬೆಳೆಯಿತು.