ಮನೆಯಲ್ಲಿ ಕೋವಿ, ಮನೆಯಲ್ಲಿ ಮಕ್ಕಳು

ಕೊಡಗಿನ ಮನೆಗಳಿಗೆ ಕೋವಿ ಹೊಸದಲ್ಲ. ಕೊಡವ ಭಾಷೆಯಲ್ಲಿ ಅದಕ್ಕೆ ತೋಕ್ ಅನ್ನುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ ಇದೆ. ಸಾವಾದರೆ ಎರಡು ಗುಂಡು. ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಕೇಳುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಬರುತ್ತದೆ. ಅಂದು ಕೋವಿ, ಕತ್ತಿಗಳನ್ನು ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ.

ಕೊಡಗಿನಲ್ಲಿ ಮಾತ್ರವಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ರೈತರಲ್ಲೂ ಕೋವಿ ಇಟ್ಟುಕೊಂಡವರು ಇದ್ದಾರೆ. ಬೆಳೆ ಕಾಯಲು ಅಂತ ಲೈಸೆನ್ಸ್ ಪಡೆದಿರುತ್ತಾರೆ.

ಕಾನೂನಿನ ಮಾತು ಸ್ವಲ್ಪ ತಿಳಿದಿರಲಿ. ನಮ್ಮ ದೇಶದಲ್ಲಿ ಕೋವಿಗೆ ಲೈಸೆನ್ಸ್ ಬೇಕು. 1959ರ ಆಯುಧ ಕಾಯ್ದೆ ಹೀಗೆ ಹೇಳುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇದರಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಒಪ್ಪಿತು. ವಿನಾಯಿತಿ ಇರುವುದು ಲೈಸೆನ್ಸಿಗೆ. ಜೋಪಾನಕ್ಕೆ ಯಾರಿಗೂ ವಿನಾಯಿತಿ ಇಲ್ಲ. ಮನೆಯ ಮಗು ಕೋವಿ ಎತ್ತಿಕೊಂಡರೆ ಆ ಕೋವಿ ಯಾವ ಕಾಗದವನ್ನೂ ನೋಡುವುದಿಲ್ಲ.

ಒಂದು ಮನೆಯಲ್ಲಿ ಇಂಥ ಮಾತು ನಡೆಯಿತು ಅಂತ ಇಟ್ಟುಕೊಳ್ಳಿ. ಸೊಸೆ ರಾತ್ರಿ ಕಲಿಕಾ ಕೇಂದ್ರಕ್ಕೆ ಹೋಗಿ ಬಂದಿದ್ದಾಳೆ. ಮಾವ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾರೆ.

“ಮಾವಾ, ಕೋವಿ ಎಲ್ಲಿಟ್ಟಿದ್ದೀರಿ?”

“ಅಲ್ಲೇ, ಗೋಡೆ ಗೂಟದ ಮೇಲೆ. ಯಾಕವ್ವಾ? ಮೂವತ್ತು ವರ್ಷದಿಂದ ಅಲ್ಲೇ ಇದೆ.”

“ಪುಟ್ಟನ ಕೈಗೆ ಸಿಗಲ್ವಾ?”

“ಅಷ್ಟೆತ್ತರ ಅವನಿಗೆಲ್ಲಿ ಎಟುಕುತ್ತೆ?”

“ನಿನ್ನೆ ಸ್ಟೂಲು ಎಳ್ಕೊಂಡು ಹೋಗಿ ಸಕ್ಕರೆ ಡಬ್ಬ ಇಳಿಸಿದ ಮಾವಾ. ಆ ಡಬ್ಬ ಗೂಟಕ್ಕಿಂತ ಮೇಲಿತ್ತು.”

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಆಮೇಲೆ ಹೇಳಿದರು:

“ಮುಟ್ಟಬೇಡ ಅಂತ ಅವನಿಗೆ ಹೇಳಿದೀನಲ್ಲ. ಒಂದು ಸಲ ಗದರಿದ್ರೆ ಸಾಕು.”

ಸಾಕೇ? ಹೇಳುವುದು ಒಳ್ಳೆಯದು. ಆದರೆ ಸಾಕಾಗುವುದಿಲ್ಲ. ಅಮೆರಿಕಾದ ಅಟ್ಲಾಂಟಾ ಊರಿನಲ್ಲಿ ಡಾಕ್ಟರುಗಳು ಇದನ್ನು ಪರೀಕ್ಷೆ ಮಾಡಿ ನೋಡಿದರು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಇಬ್ಬಿಬ್ಬರು, ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಕೋಣೆಯ ಡ್ರಾಯರಿನಲ್ಲಿ ನಿಜವಾದ ಪಿಸ್ತೂಲು ಇತ್ತು. ಅದು ಗುಂಡು ಹಾರದಂತೆ ಮಾಡಿದ ಪಿಸ್ತೂಲು. 48 ಹುಡುಗರಿಗೆ ಅದು ಕಣ್ಣಿಗೆ ಬಿತ್ತು. 30 ಹುಡುಗರು ಕೈಗೆತ್ತಿಕೊಂಡರು. 16 ಹುಡುಗರು ಟ್ರಿಗರ್ ಎಳೆದೇಬಿಟ್ಟರು. ಎತ್ತಿಕೊಂಡವರಲ್ಲಿ ಹೆಚ್ಚಿನವರಿಗೆ ಮೊದಲೇ ಬುದ್ಧಿ ಹೇಳಿದ್ದರು. 2001ರಲ್ಲಿ ಈ ವಿಷಯ ಅಚ್ಚಾಯಿತು.

ಅವರು ಕೆಟ್ಟ ಹುಡುಗರಲ್ಲ. ಮಕ್ಕಳು ಅಷ್ಟೇ. ನಮ್ಮ ಮಕ್ಕಳೂ ಹಾಗೇ. ಅಪ್ಪ, ಅಜ್ಜ ಹಿಡಿಯುವುದನ್ನು ತಾವೂ ಹಿಡಿಯಬೇಕು ಅನ್ನಿಸುತ್ತದೆ. ಟ್ರಿಗರ್ ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆ. ಅದನ್ನು ಎಳೆಯಲು ದೊಡ್ಡ ಶಕ್ತಿ ಬೇಡ. ಒಂದು ಬೆರಳಿಗೆ ಆಗದಿದ್ದರೆ ಚಿಕ್ಕ ಮಗು ಎರಡು ಹೆಬ್ಬೆರಳು ಸೇರಿಸಿ ಒತ್ತುತ್ತದೆ. ಹಾಗೆ ಒತ್ತುವಾಗ ನಳಿಗೆ ಅದರ ಮುಖದ ಕಡೆಗೇ ತಿರುಗಿರಬಹುದು.

ಮಾವನ ಇನ್ನೊಂದು ಮಾತು ಇತ್ತು.

“ಎಲ್ಲಾ ಸರಿ. ರಾತ್ರಿ ಹಂದಿ ಬಂದ್ರೆ? ಬೀಗ ತೆಗೆಯೋ ಹೊತ್ತಿಗೆ ಗದ್ದೆ ಖಾಲಿ ಆಗಿರುತ್ತೆ.”

“ಹೋದ ವಾರ ಹಂದಿ ಬಂದಾಗ ನೀವು ಟಾರ್ಚು ಹುಡುಕಿದ್ದೇ ಹತ್ತು ನಿಮಿಷ ಮಾವಾ.”

ಮಾವನಿಗೆ ನಗು ಬಂತು. ಆದರೆ ಅವರು ಕೇಳಿದ್ದು ಸುಳ್ಳು ಭಯವಲ್ಲ. ಕಷ್ಟಪಟ್ಟು ಬೆಳೆದ ಬೆಳೆ ಒಂದೇ ರಾತ್ರಿಗೆ ಹೋಗುತ್ತದೆ. ಹಾಗಂತ ಕೋವಿಗೆ ಈಡು ತುಂಬಿ ಮನೆಯಲ್ಲಿ ಇಡುವುದು ಬೇಡ. ಕೈಯಲ್ಲೇ ಬೀಗದ ಕೈ ಇದ್ದರೆ ಎರಡು ಬೀಗ ತೆಗೆಯಲು ಒಂದೆರಡು ನಿಮಿಷ ಸಾಕು. ಬಂದದ್ದು ಆನೆಯಾದರೆ ಕೋವಿಯ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಆನೆಗೆ ಗುಂಡು ಹೊಡೆಯುವುದು ದೊಡ್ಡ ಅಪರಾಧ. ಗಾಯಗೊಂಡ ಆನೆ ಇನ್ನೂ ಅಪಾಯ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಬೇಕು. ಹಂದಿ ಹೊಡೆಯಲೂ ಇಲಾಖೆಯ ಅನುಮತಿ ಬೇಕು.

ಎಲ್ಲಕ್ಕಿಂತ ಅಪಾಯದ ಹೊತ್ತು ಯಾವುದು ಗೊತ್ತೇ? ಗದ್ದೆ ಕಾವಲಿನಿಂದ ಮನೆಗೆ ಬಂದ ಹೊತ್ತು. ಮೈ ನೆನೆದಿರುತ್ತದೆ. ನಿದ್ದೆ ಎಳೆಯುತ್ತಿರುತ್ತದೆ. ಕೋವಿಯನ್ನು ಜಗಲಿ ಕಂಬಕ್ಕೆ ಒರಗಿಸುತ್ತಾರೆ. ಕಾಲು ತೊಳೆಯಲು ಹೋಗುತ್ತಾರೆ. ಕಾಫಿ ಕುಡಿಯುತ್ತಾರೆ. ಅಲ್ಲೇ ಹತ್ತು ನಿಮಿಷ. ಮಕ್ಕಳು ಏಳುವ ಹೊತ್ತೂ ಅದೇ. ಅದಕ್ಕೇ ಮನೆಯ ಮೆಟ್ಟಿಲು ಹತ್ತುವ ಮೊದಲೇ, ಹೊರಗೇ, ಕೋವಿ ಖಾಲಿ ಆಗಬೇಕು. ಕಾಫಿ ಆಮೇಲೆ.

ಖಾಲಿ ಮಾಡುವುದು ಹೇಗೆ? ಎಲ್ಲಾ ಕೋವಿಗೂ ಒಂದೇ ಕ್ರಮ ಇಲ್ಲ. ಮೊದಲು ನಳಿಗೆಯನ್ನು ಜನ, ಮನೆ, ದನ ಇಲ್ಲದ ಕಡೆಗೆ ತಿರುಗಿಸಬೇಕು. ಬೆರಳು ಟ್ರಿಗರಿನಿಂದ ದೂರ ಇರಬೇಕು.

ತೋಟೆ ಕೋವಿಯನ್ನು ನಡುವೆ ಮಡಚಿದರೆ ತೋಟೆ ಕಾಣುತ್ತದೆ. ತೋಟೆಗೆ ಕಾಡತೂಸು ಅಂತಲೂ ಹೇಳುತ್ತಾರೆ. ಅದನ್ನು ಹೊರಗೆ ತೆಗೆಯಬೇಕು. ಜೋಡು ನಳಿಗೆ ಆದರೆ ಎರಡನ್ನೂ ನೋಡಬೇಕು. ಒಂದು ಕಡೆ ಹಾರಿಸಿ ಇನ್ನೊಂದನ್ನು ಮರೆಯುವವರು ಇದ್ದಾರೆ. ಕತ್ತಲಲ್ಲಿ ಕಣ್ಣನ್ನೊಂದೇ ನಂಬಬಾರದು. ಬೆರಳು ಹಾಕಿ ಮುಟ್ಟಿ ನೋಡಬೇಕು.

ಮ್ಯಾಗಜೀನ್ ಇರುವ ರೈಫಲ್ ಮೋಸ ಮಾಡುತ್ತದೆ. ಮ್ಯಾಗಜೀನ್ ಅಂದರೆ ಗುಂಡು ತುಂಬುವ ಪೆಟ್ಟಿಗೆ. ಅದನ್ನು ಕಳಚಿದರೂ ಒಳಗೆ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಬೋಲ್ಟ್ ಹಿಂದಕ್ಕೆ ಎಳೆದು ಒಳಗೆ ನೋಡಲೇಬೇಕು.

ಕೇಪಿನ ಕೋವಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇದಕ್ಕೆ ಬಾಯಿಯಿಂದ ಮದ್ದು, ಚರೆ ತುಂಬುತ್ತಾರೆ. ಹಿಂದೆ ಕೇಪು ಇಡುತ್ತಾರೆ. ಕುದುರೆ ಬಡಿದರೆ ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತದೆ. “ಕೇಪು ತೆಗೆದಿದೀನಿ, ಕೋವಿ ಖಾಲಿ” ಅನ್ನುತ್ತಾರೆ. ಅದು ಖಾಲಿ ಅಲ್ಲ. ಮದ್ದೂ ಚರೆಯೂ ಒಳಗೇ ಇವೆ. ಇನ್ನೊಬ್ಬರು ಗೊತ್ತಿಲ್ಲದೆ ಹೊಸ ಕೇಪು ಇಟ್ಟರೆ ಮುಗಿಯಿತು. ಒಳಗೆ ಈಡು ಇದೆಯೇ ಅಂತ ತಿಳಿಯಲು ಹಿಂದಿನಿಂದ ಬಂದ ಒಂದು ಉಪಾಯ ಇದೆ. ಕೋವಿ ಖಾಲಿ ಇರುವುದು ಖಂಡಿತ ಇರುವಾಗ ಗಜದ ಕೋಲನ್ನು ತಳದವರೆಗೆ ಬಿಡಿ. ನಳಿಗೆಯ ಬಾಯಿ ಇರುವಲ್ಲಿ ಕೋಲಿಗೆ ಒಂದು ಗೆರೆ ಹಾಕಿ. ಮುಂದೆ ಯಾವಾಗಲಾದರೂ ಅನುಮಾನ ಬಂದರೆ ಮೊದಲು ಕೇಪು ತೆಗೆದು, ಮುಖ ಬಾಯಿಯ ನೇರಕ್ಕೆ ತರದೆ, ಕೋಲು ಬಿಟ್ಟು ನೋಡಿ. ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡು ಇದೆ. ತುಂಬಿದ ಈಡನ್ನು ಕೆದಕಿ ತೆಗೆಯಲು ಹೋಗಬಾರದು. ಅದು ತಿಳಿದವರ ಕೆಲಸ. ಸುಮ್ಮನೆ ತುಂಬಿಟ್ಟುಕೊಳ್ಳದಿರುವುದೇ ಸುಲಭ.

ಮಕ್ಕಳ ಛರ್ರೆ ಕೋವಿ, ಅಂದರೆ ಏರ್ ಗನ್, ಆಟಿಕೆ ಅಂತ ತಿಳಿಯಬೇಡಿ. ಅದರಿಂದ ಕಣ್ಣು ಹೋಗುತ್ತದೆ. ಅದಕ್ಕೂ ಬೀಗ ಬೇಕು.

ಖಾಲಿ ಆದ ಕೋವಿ ಎಲ್ಲಿರಬೇಕು? ಬೀಗ ಹಾಕಿದ ಜಾಗದಲ್ಲಿ. ಕಬ್ಬಿಣದ ಬೀರು ಇದ್ದರೆ ಒಳ್ಳೆಯದು. ಇಲ್ಲದವರು ಊರ ಬಡಗಿಯ ಕೈಲಿ ಗಟ್ಟಿ ಮರದ ಉದ್ದ ಪೆಟ್ಟಿಗೆ ಮಾಡಿಸಿ ಗೋಡೆಗೆ ಬಿಗಿಸಬಹುದು. ಅದೂ ಆಗದಿದ್ದರೆ ಗಟ್ಟಿ ಸರಪಳಿ, ಒಂದು ಬೀಗ. ಟ್ರಿಗರಿನ ಸುತ್ತ ಇರುವ ಕಬ್ಬಿಣದ ಬಳೆಯೊಳಗೆ ಸರಪಳಿ ತೂರಿಸಿ, ಗೋಡೆಯ ಬಳೆಗೆ ಬೀಗ ಹಾಕಿ. ಖಾಲಿ ಕೋವಿಗೆ ಮಾತ್ರ ಹೀಗೆ ಮಾಡಬೇಕು. ಮಡಚುವ ಕೋವಿಯ ನಳಿಗೆ ಬಿಚ್ಚಲು ಬರುತ್ತದೆ. ನಳಿಗೆ ಒಂದು ಕಡೆ, ಹಿಡಿ ಇನ್ನೊಂದು ಕಡೆ ಇದ್ದರೆ ಇನ್ನೂ ಮೇಲು.

ತೋಟೆ, ಮದ್ದು, ಕೇಪು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರಬೇಕು. ಎರಡಕ್ಕೂ ಒಂದೇ ಬೀಗದ ಕೈ ಆಗಬಾರದು. ಮದ್ದು ತೇವ ಆಗುತ್ತದೆ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಒಂದು ಕಿಡಿ ಹಾರಿದರೆ ಅಡುಗೆ ಮನೆಯೇ ಹೋಗುತ್ತದೆ. ದೇವರ ದೀಪದ ಹತ್ತಿರವೂ ಬೇಡ.

ಬೀಗದ ಕೈ ಎಲ್ಲಿರಬೇಕು? ದಿಂಬಿನ ಅಡಿ, ಗಡಿಯಾರದ ಹಿಂದೆ, ದೇವರ ಗೂಡು. ಇವೆಲ್ಲ ಮಕ್ಕಳಿಗೆ ಗೊತ್ತಿರುವ ಜಾಗಗಳು. ಬಚ್ಚಿಡುವ ಆಟದಲ್ಲಿ ನಾವು ಅವರ ಮುಂದೆ ಸೋಲುತ್ತೇವೆ. ಉಡಿದಾರಕ್ಕೋ ಸೊಂಟದ ಬೆಲ್ಟಿಗೋ ಕಟ್ಟಿಕೊಳ್ಳಿ. ಕೋವಿಯ ಹಕ್ಕು ಇರುವವರ ಮೈಮೇಲೆ ಅದು ಇರಲಿ. 21 ವರ್ಷ ತುಂಬದವರು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಕಾಲೇಜಿಗೆ ಹೋಗುವ ಮಗನಿಗೂ ಬೀಗದ ಕೈ ಕೊಡಬೇಡಿ. ಪರೀಕ್ಷೆ ಫೇಲಾದ ದಿನ, ಜಗಳದ ದಿನ, ಕುಡಿದ ರಾತ್ರಿ ಮನುಷ್ಯನ ಮನಸ್ಸು ಹೇಗಿರುತ್ತದೆ ಹೇಳಲಾಗದು. ಆ ಹೊತ್ತಿನಲ್ಲಿ ಕೈಗೆ ಕೋವಿ ಸಿಗದಿದ್ದರೆ ಜೀವ ಉಳಿಯುತ್ತದೆ.

“ಬೀರುವಿನೊಳಗೆ ಇಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿಯಲ್ವಾ?” ಅಂತ ಮಾವ ಕೇಳಿದರು. ಹಿಡಿಯುತ್ತದೆ. ಕೊಡಗಿನ ಜೂನ್, ಜುಲೈ ಮಳೆ ಯಾವ ಕಬ್ಬಿಣವನ್ನೂ ಬಿಡುವುದಿಲ್ಲ. ಗೋಡೆಯ ಮೇಲಿದ್ದರೂ ಹಿಡಿಯುತ್ತದೆ. ಆಗಾಗ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಕೋವಿ ಎಣ್ಣೆ ಹಚ್ಚಬೇಕು. ಒರೆಸುವಾಗ ತೋಟೆ ಆ ಕೋಣೆಯಲ್ಲೇ ಇರಬಾರದು. ಮಕ್ಕಳೂ ಇರಬಾರದು.

ಹಬ್ಬದ ದಿನ ಇನ್ನೊಂದು ತೊಂದರೆ. ಮನೆ ತುಂಬಾ ನೆಂಟರು, ಅವರ ಮಕ್ಕಳು. ಪೂಜೆಗೆ ಖಾಲಿ ಕೋವಿ ಇಡಿ. ಪೂಜೆ ಮುಗಿದ ಮೇಲೆ ಒಬ್ಬರು ಎಣಿಸಿ ಒಳಗಿಟ್ಟು ಬೀಗ ಹಾಕಲಿ. “ಅವರು ಇಟ್ಟಿರುತ್ತಾರೆ” ಅಂತ ಎಲ್ಲರೂ ತಿಳಿದರೆ ಯಾರೂ ಇಟ್ಟಿರುವುದಿಲ್ಲ. ಸಂಭ್ರಮಕ್ಕೆ ಅಂತ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2019ರ ತಿದ್ದುಪಡಿಯಲ್ಲಿ ಇದು ಬಂತು.

ನಮ್ಮ ಮಗುವನ್ನು ಇನ್ನೊಬ್ಬರ ಮನೆಗೆ ಕಳಿಸುವಾಗಲೂ ಕೇಳಬೇಕು: “ಅಕ್ಕಾ, ನಿಮ್ಮ ಕೋವಿ ಒಳಗಿದೆಯಾ?” ನಾಯಿ ಕಟ್ಟಿದ್ದೀರಾ ಅಂತ ಕೇಳುವುದಿಲ್ಲವೇ? ಇದೂ ಹಾಗೇ.

ಮಕ್ಕಳಿಗೆ ಕಲಿಸಬೇಕಾದ ಮಾತು ಚಿಕ್ಕದು. ಕೋವಿ ಕಂಡರೆ ಮುಟ್ಟಬೇಡ. ಅಲ್ಲಿಂದ ಹೋಗು. ದೊಡ್ಡವರಿಗೆ ಹೇಳು. ಹೇಳಿದ ಮಗುವಿಗೆ ಬೈಯಬಾರದು. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಗುಂಡು ತಗಲಿದರೆ ಏನು ಮಾಡಬೇಕು? ಮೊದಲು ಕೋವಿಯನ್ನು ದೂರ ಮಾಡಿ. ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. 108ಕ್ಕೆ ಫೋನ್ ಮಾಡಿ. ಕಾಫಿ ಪುಡಿ, ಅರಿಸಿನ ತುಂಬಬೇಡಿ. ಚರೆಯನ್ನು ಕೆದಕಿ ತೆಗೆಯಬೇಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ.

ಕೋವಿ ಹಾರಿಸುವವರು ಯಾರೂ ಈಗ ಮನೆಯಲ್ಲಿ ಇಲ್ಲವೇ? ಅಜ್ಜ ತೀರಿಕೊಂಡು ಅವರ ಕೋವಿ ಮೂಲೆಯಲ್ಲಿ ಉಳಿದಿದೆಯೇ? ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜಮಾ ಮಾಡಬಹುದು. ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ಕೋವಿಯ ನಂಬರ್ ಸರಿ ಇದೆಯೇ ಅಂತ ನೀವೇ ಓದಿ ನೋಡಿ. ಓದಲು ಕಲಿತಿದ್ದೀರಲ್ಲ.

ಮಾವ ಮರುದಿನ ಪೇಟೆಯಿಂದ ಎರಡು ಬೀಗ ತಂದರು. ಒಂದು ದೊಡ್ಡದು, ಒಂದು ಚಿಕ್ಕದು.

ಗಟ್ಟಿಯಾಗಿ ಓದಿ: ಕೋವಿ, ನಳಿಗೆ, ತೋಟೆ, ಮದ್ದು, ಚರೆ, ಬೀಗ, ಸರಪಳಿ, ರಸೀದಿ.

ಕೂತು ಮಾತಾಡಿ: ನಿಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿ ಕೋವಿ ಇದೆ? ಕೇಪು ತೆಗೆದ ಕೋವಿ ಯಾಕೆ ಖಾಲಿ ಅಲ್ಲ? ಈ ರಾತ್ರಿ ನಿಮ್ಮ ಮನೆಯ ಬೀಗದ ಕೈ ಯಾರ ಹತ್ತಿರ ಇದೆ?